ಬಾಳಿಗೂ ಒಬ್ಬ ಕೋಚೆ?

ಹೋದ ತಿಂಗಳು ಸೋಸಲೆಯ ನಮ್ಮ ಮನೆಯ ಜಗಲಿಯ ಮೇಲೆ ಒಂದು ಸಣ್ಣ ಕದನ ನಡೆದುಹೋಯಿತು. ಒಂದು ಕಡೆ, ಬ್ಯಾಂಕಿನಿಂದ ನಿವೃತ್ತರಾದ ನನ್ನ ಮಿತ್ರರು. ಅವರ ಬೆಂಬಲಕ್ಕೆ ನೀರಾವರಿ ಇಲಾಖೆಯಿಂದ ನಿವೃತ್ತರಾದ ಇನ್ನೊಬ್ಬರು. ಎದುರು ಪಕ್ಷದಲ್ಲಿ ನಾನೊಬ್ಬನೇ. 35 ವರ್ಷ ಮೈಸೂರಿನಲ್ಲಿ ಮೇಷ್ಟರಾಗಿದ್ದು, ಈಗ ವಾರಕ್ಕೊಮ್ಮೆ ಬಸ್ಸು ಹತ್ತಿ ಊರಿಗೆ ಬಂದು, ಜಗಲಿಯ ಧೂಳು ಕೊಡವಿ ಕೂರುವವನು.

ಕದನಕ್ಕೆ ಕಾರಣ ಒಂದು ಜಾಹೀರಾತು. ಬ್ಯಾಂಕಿನ ಮಿತ್ರರು ತಮ್ಮ ಮೊಬೈಲಿನಲ್ಲಿ ಬಂದುದನ್ನು ಗಟ್ಟಿಯಾಗಿ ಓದಿದರು. ಬೆಂಗಳೂರಿನಲ್ಲಿ ‘ಲೈಫ್ ಕೋಚ್’ ಒಬ್ಬರು ಇದ್ದಾರೆ, ಅವರೊಡನೆ ಗಂಟೆ ಹೊತ್ತು ಮಾತನಾಡಿದರೆ ಬಾಳಿನ ಗೊಂದಲ ತಿಳಿಯಾಗುವುದು, ಶುಲ್ಕ ಇಂತಿಷ್ಟು.

“ಓಡೋದಕ್ಕೆ ಕೋಚು, ಸರಿ. ಈಜೋದಕ್ಕೆ ಕೋಚು, ಅದೂ ಸರಿ. ಬದುಕೋದಕ್ಕೂ ಒಬ್ಬ ಕೋಚೆ? ನಮ್ಮಜ್ಜಿಗೆ ಯಾವ ಕೋಚಿದ್ದ ಮೇಷ್ಟ್ರೆ? ಹನ್ನೊಂದು ಮಕ್ಕಳನ್ನ ಹೆತ್ತು, ಸಾಕಿ, ಒಂದು ದಿನಾನೂ ಗೊಂದಲ ಅಂದವಳಲ್ಲ!” ಎಂದರು.

ಎಲ್ಲರೂ ನಕ್ಕರು. ಎರಡು ವರ್ಷದ ಹಿಂದಾಗಿದ್ದರೆ ನಾನೂ ನಗುತ್ತಿದ್ದೆ. ಆ ದಿನ ನಗು ಬರಲಿಲ್ಲ. ಏಕೆ ಬರಲಿಲ್ಲವೆಂಬುದನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ಲೇಖನ. ಇದರಲ್ಲಿ ನನ್ನ ತಪ್ಪೊಪ್ಪಿಗೆಯೂ ಸೇರಿದೆಯಾದ್ದರಿಂದ, ವಾಚಕರು ಸ್ವಲ್ಪ ಸಹನೆಯಿಂದ ಓದಬೇಕಾಗಿ ಪ್ರಾರ್ಥನೆ.

ಮೊದಲು ಪದದ ವಿಚಾರ. ‘ಕೋಚು’ ಎಂಬುದು ನಮ್ಮ ಮಿತ್ರರು ತಿಳಿದಿರುವಂತೆ ನಿನ್ನೆ ಮೊನ್ನೆಯ ಮಾತಲ್ಲ. ಹಂಗೆರಿ ದೇಶದಲ್ಲಿ ಕೋಚ್ ಎಂಬ ಒಂದು ಹಳ್ಳಿಯಿದೆ. ನಮ್ಮ ಸೋಸಲೆಯಂಥದೇ ಹಳ್ಳಿ. ಅಲ್ಲಿ ತಯಾರಾಗುತ್ತಿದ್ದ ಕುದುರೆಗಾಡಿ ಯೂರೋಪಿಗೆಲ್ಲ ಹರಡಿ, ಊರಿನ ಹೆಸರೇ ಗಾಡಿಯ ಹೆಸರಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು, ಪರೀಕ್ಷೆ ಎಂಬ ಹೊಳೆಯನ್ನು ದಾಟಿಸುವ ಖಾಸಗಿ ಮೇಷ್ಟರನ್ನು ತಮಾಷೆಗೆ ‘ಕೋಚ್’ ಎಂದು ಕರೆದರು. ಕೂತವನನ್ನು ಊರು ಮುಟ್ಟಿಸುವ ಗಾಡಿ ಎಂದು. ಆಮೇಲೆ ಅದು ಆಟದ ಬಯಲಿಗೆ ಹೋಯಿತು. 1974ರಲ್ಲಿ ಅಮೆರಿಕದ ಟಿಮೊಥಿ ಗಾಲ್ವೆ ಎಂಬ ಟೆನಿಸ್ ಗುರು ಒಂದು ಪುಸ್ತಕ ಬರೆದು, ಆಟಗಾರನ ನಿಜವಾದ ಎದುರಾಳಿ ಬಲೆಯ ಆಚೆ ಇಲ್ಲ, ಅವನ ತಲೆಯೊಳಗೇ ಇದ್ದಾನೆ ಎಂದ. ಅಲ್ಲಿಂದ ಈ ವಿದ್ಯೆ ಕಚೇರಿಗಳಿಗೆ ನುಗ್ಗಿತು. 1992ರಲ್ಲಿ ಮೋಟಾರು ಪಂದ್ಯದ ಓಟಗಾರನಾಗಿದ್ದ ಜಾನ್ ವಿಟ್ಮೋರ್ ಎಂಬಾತ ಇದಕ್ಕೊಂದು ಸರಳವಾದ ಕ್ರಮವನ್ನು ಪ್ರಚಾರಕ್ಕೆ ತಂದ: ಬೇಕಾದದ್ದು ಏನು, ಇರುವುದು ಏನು, ದಾರಿಗಳು ಯಾವುವು, ಯಾವುದನ್ನು ಹಿಡಿಯುತ್ತೀಯೆ? ಈ ನಾಲ್ಕೇ ಪ್ರಶ್ನೆ. 1995ರಲ್ಲಿ ಕೋಚುಗಳದೇ ಒಂದು ಅಂತರರಾಷ್ಟ್ರೀಯ ಸಂಘ ಅಮೆರಿಕದಲ್ಲಿ ಹುಟ್ಟಿತು. ಈಗ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಇದು ಕಾಫಿಯಷ್ಟು ಪರಿಚಿತವಾಗಿದೆ, ಮೈಸೂರಿಗೂ ಬಂದಿದೆ. ಇದಿಷ್ಟು ಚರಿತ್ರೆ.

ಇನ್ನು ನಮ್ಮ ಮಿತ್ರರ ಪ್ರಧಾನ ವಾದ. “ಹಿಂದೆ ಮನೆಯಲ್ಲಿ ಹಿರಿಯರಿದ್ದರು. ಕಷ್ಟ ಬಂದರೆ ಜಗಲಿಗೆ ಬಂದು ಹೇಳಿಕೊಳ್ಳುತ್ತಿದ್ದರು. ಬುದ್ಧಿ ಪುಕ್ಕಟೆಯಾಗಿ ಸಿಗುತ್ತಿತ್ತು. ಈಗ ಕೂಡುಕುಟುಂಬ ಒಡೆದು, ಬುದ್ಧಿಯನ್ನು ಗಂಟೆಯ ಲೆಕ್ಕದಲ್ಲಿ ಕೊಳ್ಳುವ ಗತಿ ಬಂದಿದೆ.” ಈ ಮಾತನ್ನು ಎಷ್ಟು ಸಭೆಗಳಲ್ಲಿ ಕೇಳಿದ್ದೇವೋ ಲೆಕ್ಕವಿಲ್ಲ. ಕೇಳಿದವರು ತಲೆದೂಗುತ್ತಾರೆ. ಆದರೆ ಇದು ಅರ್ಧ ಸತ್ಯ. ಉಳಿದರ್ಧ ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು. ಬುದ್ಧಿ ಪುಕ್ಕಟೆಯಾಗಿ ಸಿಗುತ್ತಿತ್ತು, ನಿಜ. ಕಿವಿ ಸಿಗುತ್ತಿತ್ತೆ?

ಜಗಲಿಯ ಮೇಲೆ ಯಾರು ಕೂರುತ್ತಿದ್ದರು, ನೆನಪು ಮಾಡಿಕೊಳ್ಳಿ. ಗಂಡಸರು. ಅವರಲ್ಲೂ ವಯಸ್ಸಾದವರು, ಜಮೀನುಳ್ಳವರು. ಅಲ್ಲಿಗೆ ಬಂದು ಕಷ್ಟ ಹೇಳಿಕೊಳ್ಳುವ ಧೈರ್ಯ ಯಾವ ಸೊಸೆಗಿತ್ತು? ಯಾವ ಆಳಿಗಿತ್ತು? ಹನ್ನೊಂದು ಮಕ್ಕಳನ್ನು ಹೆತ್ತ ಅಜ್ಜಿ ಒಂದು ದಿನವೂ ಗೊಂದಲ ಎನ್ನಲಿಲ್ಲ ಎಂದರು ನಮ್ಮ ಮಿತ್ರರು. ಆಕೆಯನ್ನು ಯಾರಾದರೂ ಒಂದು ದಿನ ಕೇಳಿದ್ದರೆ? ಕೇಳದಿದ್ದ ಮೇಲೆ, ಆಕೆಗೆ ಗೊಂದಲವೇ ಇರಲಿಲ್ಲವೆಂದು ಸಾಕ್ಷಿ ನುಡಿಯಲು ನಾವು ಯಾರು?

ತ್ರಿವೇಣಿಯವರ ‘ಶರಪಂಜರ’ವನ್ನು ಓದಿದವರು, ಅಥವಾ 1971ರಲ್ಲಿ ಪುಟ್ಟಣ್ಣ ಕಣಗಾಲರು ತೆಗೆದ ಚಿತ್ರವನ್ನು ನೋಡಿದವರು ನಮ್ಮಲ್ಲಿ ಬಹಳ ಜನ. ಬಾಣಂತಿತನದ ಮೇಲೆ ಮನಸ್ಸು ಕದಡಿ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳಿದ ಕಾವೇರಿಗೆ ಏನು ಕೊರತೆಯಿತ್ತು? ಸುತ್ತ ಜನರಿದ್ದರು. ಗಂಡನಿದ್ದ, ನೆಂಟರಿದ್ದರು, ನೆರೆಯವರಿದ್ದರು. ಅವಳನ್ನು ನೋಡುವ ಕಣ್ಣುಗಳು ಬೇಕಾದಷ್ಟಿದ್ದುವು. ಅವಳ ಮಾತು ಕೇಳುವ ಕಿವಿ ಒಂದೂ ಇರಲಿಲ್ಲ. ಗುಣವಾಗಿದ್ದವಳು ಮನೆಯವರ ಸಂಶಯದಿಂದಲೇ ಮತ್ತೆ ಹುಚ್ಚಿಯಾದಳು. ಥಿಯೇಟರಿನಲ್ಲಿ ಕಣ್ಣೊರೆಸಿಕೊಂಡ ನಾವು ಮನೆಗೆ ಬಂದು ನಮ್ಮ ನಮ್ಮ ಸೊಸೆಯಂದಿರ ಮಾತು ಕೇಳಿದೆವೆ? ಕೇಳಿದವರು ಕೈಯೆತ್ತಲಿ.

ಇನ್ನು ನನ್ನ ತಪ್ಪೊಪ್ಪಿಗೆ.

ನನ್ನ ಅಣ್ಣ ತೀರಿಕೊಂಡ ಮೇಲೆ ಸೋಸಲೆಯ ಮನೆ ಬೀಳುವ ಸ್ಥಿತಿಗೆ ಬಂದಿತ್ತು. ತೊಲೆಗಳಿಗೆ ಗೆದ್ದಲು ಹತ್ತಿತ್ತು, ಹೆಂಚು ಸೋರುತ್ತಿತ್ತು. ಪಿತ್ರಾರ್ಜಿತ ಮನೆ, ಅಣ್ಣನ ಮಕ್ಕಳಿಗೂ ನನಗೂ ಸೇರಿದ್ದು. ಬ್ಯಾಂಕಿನಲ್ಲಿ ಸಾಲ ತೆಗೆದು ರಿಪೇರಿ ಮಾಡಿಸಿದೆವು. ಸಾಲ ಯಾರ ಹೆಸರಿನಲ್ಲಿ? ಅಣ್ಣನ ಮಗಳ ಹೆಸರಿನಲ್ಲಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಕೈತುಂಬ ಸಂಬಳ, ಇನ್ನೂ ಮದುವೆಯಿಲ್ಲ. ಬ್ಯಾಂಕಿನವರಿಗೂ ಅವಳೇ ಒಪ್ಪಿಗೆ, ನಮಗೂ ಅವಳೇ ಒಪ್ಪಿಗೆ. ಅವಳಿಗೆ ಒಪ್ಪಿಗೆಯೆ ಎಂದು ಕೇಳಿದ್ದು ನನಗೆ ನೆನಪಿಲ್ಲ.

ಅಣ್ಣನ ತಿಥಿಯ ರಾತ್ರಿ ಅವಳು ಜಗಲಿಗೆ ಬಂದು ನನ್ನ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ, “ಚಿಕ್ಕಪ್ಪ, ಈ ಕೆಲಸ ಬಿಡೋಣಾಂತಿದ್ದೀನಿ. ಮೈಸೂರಲ್ಲಿ ಒಂದು ಕಾಲೇಜಲ್ಲಿ ಪಾಠ ಹೇಳೋ ಕೆಲಸ ಸಿಗೋ ಹಾಗಿದೆ. ಸಂಬಳ ಅರ್ಧಾನೂ ಇಲ್ಲ. ಆದ್ರೆ...” ಎಂದಳು.

ಆ ‘ಆದ್ರೆ’ಯ ಮುಂದೆ ಏನಿತ್ತೆಂಬುದು ನನಗೆ ಆ ರಾತ್ರಿ ತಿಳಿಯಲಿಲ್ಲ. ಏಕೆಂದರೆ ಅಲ್ಲಿಂದ ಮುಂದಕ್ಕೆ ಒಂದು ಗಂಟೆ ಕಾಲ ನಾನೇ ಮಾತನಾಡಿದೆ. ಕೈಯಲ್ಲಿರುವುದನ್ನು ಬಿಟ್ಟು ಹಾರುವುದಕ್ಕೆ ಹೋಗಬಾರದೆಂದೆ. ನಿನ್ನ ತಂದೆ ಎಷ್ಟು ಕಷ್ಟದಲ್ಲಿ ಓದಿಸಿದರೆಂದೆ. ಹರಿಶ್ಚಂದ್ರನನ್ನು ಕರೆತಂದೆ, ಶ್ರೀರಾಮನನ್ನು ಕರೆತಂದೆ. ನನ್ನ ಮೊದಲ ಸಂಬಳದ ಲೆಕ್ಕ ಹೇಳಿದೆ. ಎಲ್ಲವನ್ನೂ ಕೇಳಿ ಅವಳು, “ಸರಿ ಚಿಕ್ಕಪ್ಪ” ಎಂದು ಎದ್ದು ಒಳಗೆ ಹೋದಳು. ಮಗುವಿಗೆ ಸಕಾಲದಲ್ಲಿ ಬುದ್ಧಿ ಹೇಳಿದೆನೆಂಬ ತೃಪ್ತಿಯಿಂದ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಅವಳು ನಿದ್ದೆ ಮಾಡಿರಲಿಲ್ಲವೆಂದು ತಿಳಿದದ್ದು ಒಂದು ವರ್ಷದ ಮೇಲೆ.

ಒಂದು ವರ್ಷದ ಮೇಲೆ ಅವಳೇ ಹೇಳಿದಳು: ತಾನು ಬೆಂಗಳೂರಿನಲ್ಲಿ ಒಬ್ಬ ಕೋಚಿನ ಬಳಿ ಹೋಗಿದ್ದೆ, ಆರು ಸಲ. ಕೊಟ್ಟ ಹಣವನ್ನು ಕೇಳಿ ಕಾಫಿ ನನ್ನ ನೆತ್ತಿಗೇರಿತು. “ಅಷ್ಟು ದುಡ್ಡು ತೊಗೊಂಡು ಆಕೆ ಹೇಳಿದ್ದಾದರೂ ಏನು?” ಎಂದು ಗರ್ಜಿಸಿದೆ.

“ಏನೂ ಹೇಳಲಿಲ್ಲ ಚಿಕ್ಕಪ್ಪ. ಕೇಳಿದರು. ‘ಈ ಕೆಲಸದಲ್ಲಿ ಯಾರಿಗೋಸ್ಕರ ಇದ್ದೀರಿ?’ ಅಂದರು. ಆಮೇಲೆ ಸುಮ್ಮನೆ ಕೂತರು. ಎಷ್ಟು ಹೊತ್ತು ಸುಮ್ಮನಿದ್ದರು ಅಂದ್ರೆ, ನಂಗೇ ಭಯ ಆಯ್ತು. ಆಮೇಲೆ ಅಳು ಬಂತು. ಮನೆಗೆ ಹೋಗಿ ಒಂದು ಕಾಗದದ ಮೇಲೆ ಲೆಕ್ಕ ಬರೆದೆ. ಸೋಸಲೆ ಮನೆ ಕಂತು ಒಂದಿಲ್ಲದಿದ್ರೆ, ಮೈಸೂರಿನ ಸಂಬಳದಲ್ಲೇ ನಾನು ಬದುಕಬಹುದಿತ್ತು.”

ನಾನು ಮಾತನಾಡಲಿಲ್ಲ. ಆಡುವುದಕ್ಕೆ ಏನೂ ಉಳಿದಿರಲಿಲ್ಲ. ಆ ರಾತ್ರಿ ನಾನು ಕೂತು ಉಪದೇಶ ಮಾಡಿದ ಜಗಲಿಯ ಸಿಮೆಂಟಿನಲ್ಲಿ ಅವಳ ಸಂಬಳವಿತ್ತು. ಅವಳು ಕೆಲಸ ಬಿಟ್ಟರೆ ಕಂತು ನನ್ನ ತಲೆಗೆ ಬರುತ್ತದೆಂಬುದು ನನ್ನ ಮನಸ್ಸಿನ ಯಾವುದೋ ಮೂಲೆಗೆ ಗೊತ್ತಿತ್ತು. ಹರಿಶ್ಚಂದ್ರನನ್ನು ಕರೆತಂದವನು ಆ ಮೂಲೆಯಲ್ಲಿ ಕೂತಿದ್ದ ಲೆಕ್ಕಿಗ!

ವಾಚಕರೆ, ನನ್ನ ವಾದವೆಲ್ಲ ಈ ಒಂದು ಮಾತಿನಲ್ಲಿದೆ. ಜಗಲಿಗೆ ಪ್ರೀತಿಯುಂಟು, ಅನುಭವವುಂಟು. ಆದರೆ ಜಗಲಿಗೆ ಪಾಲೂ ಉಂಟು. ಮಗ ಯಾವ ಓದು ಓದಬೇಕು, ಮಗಳು ಯಾರನ್ನು ಮದುವೆಯಾಗಬೇಕು, ಸೊಸೆ ಕೆಲಸಕ್ಕೆ ಹೋಗಬೇಕೆ ಬೇಡವೆ ಎಂಬ ಪ್ರತಿಯೊಂದು ವಿಚಾರದಲ್ಲೂ ನಾವು ಹಿರಿಯರು ವಾದಿಗಳೋ ಪ್ರತಿವಾದಿಗಳೋ ಆಗಿರುತ್ತೇವೆ. ಆದರೂ ನ್ಯಾಯಾಧೀಶರ ಕುರ್ಚಿಯಲ್ಲಿ ಕೂರುತ್ತೇವೆ. ತನಗೇ ಸಂಬಂಧಪಟ್ಟ ದಾವೆಯನ್ನು ಯಾವ ಮುನ್ಸೀಫನೂ ವಿಚಾರಿಸಕೂಡದು. ಮನೆಯೊಳಗೆ ಮಾತ್ರ ಈ ಕಾನೂನು ಇಲ್ಲ. ಕೋಚಿನಿಂದಾಗುವ ಮೊದಲನೆಯ ಉಪಕಾರ ಇದು: ನಮ್ಮ ಮನೆಯಲ್ಲಿ ಅವನಿಗೆ ಪಾಲಿಲ್ಲ. ಎರಡನೆಯದು, ಅವನು ತೀರ್ಪು ಕೊಡುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ಮೂರನೆಯದು, ಉತ್ತರ ಬರುವತನಕ ಸುಮ್ಮನಿರುತ್ತಾನೆ. ಹೇಳಿದ್ದನ್ನು ಮಾಡಿದೆಯಾ ಎಂದು ಮುಂದಿನ ವಾರ ಮರೆಯದೆ ವಿಚಾರಿಸುವುದು ನಾಲ್ಕನೆಯದು.

ಇದು ನನ್ನ ಮನೆಯೊಂದರ ಅನುಭವವಲ್ಲ. 2014ರಲ್ಲಿ ಆಂಸ್ಟರ್‌ಡಾಮಿನ ಮೂವರು ಸಂಶೋಧಕರು ಕಚೇರಿಗಳಲ್ಲಿ ನಡೆದ ಇಂಥ ತರಬೇತಿಯ ಬಗ್ಗೆ 18 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದರು. ಕೆಲಸದ ನೈಪುಣ್ಯ, ನೆಮ್ಮದಿ, ಕಷ್ಟವನ್ನು ನಿಭಾಯಿಸುವ ಶಕ್ತಿ, ಕೆಲಸದ ಬಗೆಗಿನ ಮನೋಭಾವ, ಗುರಿ ಹಿಡಿದು ನಡೆಯುವ ಅಭ್ಯಾಸ, ಈ ಐದರಲ್ಲೂ ಒಳ್ಳೆಯ ಪರಿಣಾಮವೇ ಕಂಡಿತು. ಸಂಜೀವಿನಿ ಎನ್ನುವಷ್ಟಿಲ್ಲ, ನಕ್ಕು ತಳ್ಳಿಹಾಕುವಂತೆಯೂ ಇಲ್ಲ.

“ಗುರುಪೀಠದ ಊರಿನವನಾಗಿ ಬೆಂಗಳೂರಿನ ಕೋಚಿಗೆ ವಕಾಲತ್ತು ಹಾಕುತ್ತೀರಲ್ಲ ಮೇಷ್ಟ್ರೆ!” ಎಂದು ನೀರಾವರಿಯವರು ಆ ದಿನ ಕೊನೆಯ ಬಾಣ ಬಿಟ್ಟರು. ವ್ಯಾಸರಾಜರ ಪರಂಪರೆಯ ಮಠಕ್ಕೆ ನಮ್ಮ ಊರಿನ ಹೆಸರೇ ಅಂಟಿಕೊಂಡಿರುವುದು ಸೋಸಲೆಯವರಿಗೆಲ್ಲ ಹೆಮ್ಮೆಯ ವಿಷಯ. ಆ ವ್ಯಾಸರಾಜರು ಹುಟ್ಟಿದ್ದೂ ನಮ್ಮ ತಾಲ್ಲೂಕಿನ ಬನ್ನೂರಿನಲ್ಲೇ. 1539ರಲ್ಲಿ ಅವರು ಬೃಂದಾವನಸ್ಥರಾಗುವ ಹೊತ್ತಿಗೆ ಕೃಷ್ಣದೇವರಾಯನಂಥ ಅರಸು ಅವರಿಗೆ ತಲೆಬಾಗಿದ್ದ. ಪುರಂದರದಾಸರೂ ಕನಕದಾಸರೂ ಅವರ ಶಿಷ್ಯರೆಂದು ಸಂಪ್ರದಾಯ ಹೇಳುತ್ತದೆ. ಒಳ್ಳೆಯದು, ಆ ಗುರುಗಳನ್ನೇ ಸಾಕ್ಷಿಗೆ ಕರೆಯೋಣ.

ಬಾಳೆಯ ಹಣ್ಣಿನ ಕಥೆ ಯಾರಿಗೆ ತಿಳಿಯದು? ಕುರುಬರ ಕನಕನಿಗೆ ಗುರುಗಳು ಸಲಿಗೆ ಕೊಟ್ಟರೆಂದು ಉಳಿದ ಶಿಷ್ಯರಿಗೆ ಹೊಟ್ಟೆಯುರಿ. ಗುರುಗಳು ಅವರಿಗೆ ಸಮತೆಯ ಮೇಲೆ ಉಪನ್ಯಾಸ ಮಾಡಲಿಲ್ಲ. ಎಲ್ಲರ ಕೈಗೂ ಒಂದೊಂದು ಬಾಳೆಹಣ್ಣು ಕೊಟ್ಟು, ಯಾರೂ ಇಲ್ಲದ ಕಡೆ ತಿಂದು ಬನ್ನಿ ಎಂದರು. ಒಬ್ಬ ಬಾಗಿಲ ಮರೆಯಲ್ಲಿ ತಿಂದ, ಇನ್ನೊಬ್ಬ ಕಂಬಳಿ ಹೊದ್ದು ತಿಂದ. ಕನಕ ಮಾತ್ರ ಹಣ್ಣನ್ನು ಹಾಗೆಯೇ ತಂದು, ದೇವರಿಲ್ಲದ ಜಾಗ ಎಲ್ಲೂ ಸಿಗಲಿಲ್ಲವೆಂದ. ಗುರುಗಳು ಆಡಿದ್ದು ಎಷ್ಟು ಮಾತು? ಒಂದು. ಉಳಿದ ಕೆಲಸವನ್ನು ಹಣ್ಣು ಮಾಡಿತು, ಶಿಷ್ಯರ ಮನಸ್ಸು ಮಾಡಿತು. ನಾನಾಗಿದ್ದರೆ ಹಣ್ಣನ್ನು ಕೈಯಲ್ಲಿ ಹಿಡಿದೇ ಒಂದು ಗಂಟೆ ಭಾಷಣ ಬಿಗಿಯುತ್ತಿದ್ದೆ! ಭಗವದ್ಗೀತೆಯ ಕೃಷ್ಣನೂ ಗಾಡಿ ನಡೆಸಿದವನೇ. ಅವನೂ ಹದಿನೆಂಟನೆಯ ಅಧ್ಯಾಯದಲ್ಲಿ, ಎಲ್ಲವನ್ನೂ ಚೆನ್ನಾಗಿ ಯೋಚಿಸಿ ನಿನಗೆ ತೋರಿದಂತೆ ಮಾಡು ಎಂದು ತೀರ್ಮಾನವನ್ನು ಅರ್ಜುನನಿಗೇ ಬಿಟ್ಟ. ಆದುದರಿಂದ ಕೋಚಿನ ಪದ್ಧತಿ ನಮ್ಮ ಗುರುಪರಂಪರೆಗೆ ವಿರುದ್ಧವಲ್ಲ. ಅದಕ್ಕೆ ವಿರುದ್ಧವಾಗಿ ನಡೆದುಕೊಂಡವರು ಜಗಲಿಯ ನಾವೇ.

ಇಷ್ಟು ಹೇಳಿದ ಮಾತ್ರಕ್ಕೆ, ಬೋರ್ಡು ತೂಗುಹಾಕಿದ ಪ್ರತಿಯೊಬ್ಬ ಕೋಚಿಗೂ ನಾನು ಜಾಮೀನು ನಿಂತೆನೆಂದು ಭಾವಿಸಬಾರದು. ಈ ಕಸುಬಿನಲ್ಲಿ ಜೊಳ್ಳು ಬಹಳ. ವಕೀಲನಿಗೆ ಸನ್ನದು ಬೇಕು, ವೈದ್ಯನಿಗೆ ನೋಂದಣಿ ಬೇಕು. ಆದರೆ ನಮ್ಮ ದೇಶದಲ್ಲಿ ಲೈಫ್ ಕೋಚ್ ಎನ್ನಿಸಿಕೊಳ್ಳುವುದಕ್ಕೆ ಯಾವ ಸರ್ಕಾರಿ ಪರವಾನಗಿಯೂ ಬೇಕಿಲ್ಲ. ನಿನ್ನೆ ತಾನೆ ನಿಂತ ಗಡಿಯಾರದಂತಿದ್ದವನು, ಹೋಟೆಲಿನ ಹಾಲಿನಲ್ಲಿ ಎರಡು ದಿನ ಕೂತು ಚಪ್ಪಾಳೆ ತಟ್ಟಿ ಬಂದು, ಮೂರನೆಯ ದಿನ ಊರಿನ ಗಡಿಯಾರಗಳನ್ನೆಲ್ಲ ರಿಪೇರಿ ಮಾಡಲು ಹೊರಡುತ್ತಾನೆ. ಮೂರು ತಿಂಗಳಲ್ಲಿ ಕೋಟ್ಯಧಿಪತಿ ಮಾಡುತ್ತೇನೆ, ಇಪ್ಪತ್ತೊಂದು ದಿನಗಳಲ್ಲಿ ಬಾಳನ್ನೇ ಬದಲಿಸುತ್ತೇನೆ ಎನ್ನುವವನಿಗೂ ಜಾತ್ರೆಯಲ್ಲಿ ಗಿಣಿಯಿಂದ ಶಾಸ್ತ್ರ ಹೇಳಿಸುವವನಿಗೂ ಇರುವ ವ್ಯತ್ಯಾಸ ಒಂದೇ: ಗಿಣಿಶಾಸ್ತ್ರದವನು ಅಗ್ಗ.

ಮತ್ತೆ, ಕೋಚಿಗೂ ಒಂದು ಪಾಲಿದೆ. ಅದು ಅವನ ಶುಲ್ಕ. ನೀವು ಬೇಗ ನಿಮ್ಮ ಕಾಲ ಮೇಲೆ ನಿಂತರೆ ಅವನಿಗೆ ನಷ್ಟ. ಆದುದರಿಂದ ಹೋಗುವವರು ಮೊದಲ ದಿನವೇ ಮೂರು ಮಾತು ಕೇಳಬೇಕು. ಒಂದು, ಎಲ್ಲಿ, ಎಷ್ಟು ಗಂಟೆ ಕಲಿತಿರಿ? ಆ ಅಂತರರಾಷ್ಟ್ರೀಯ ಸಂಘದ ಮೊದಲ ಮೆಟ್ಟಿಲಿನ ಪ್ರಮಾಣಪತ್ರಕ್ಕೇ 60 ಗಂಟೆಯ ಶಿಕ್ಷಣ, 100 ಗಂಟೆಯ ಅನುಭವ ಬೇಕು; ಕೊನೆಯ ಮೆಟ್ಟಿಲಿಗೆ 2500 ಗಂಟೆಯ ಅನುಭವ. ಎರಡು, ಎಷ್ಟು ಸಲಕ್ಕೆ ಇದು ಮುಗಿಯುತ್ತದೆ? ಮುಗಿಯುವ ದಿನವನ್ನು ಹೇಳದವನ ಮನೆಗೆ ಎರಡನೆಯ ಸಲ ಹೋಗಬೇಡಿ. ಮೂರು, ನನ್ನ ಕಷ್ಟ ನಿಮ್ಮ ಕೈ ಮೀರಿದ್ದಾದರೆ ಯಾರ ಬಳಿಗೆ ಕಳಿಸುತ್ತೀರಿ?

ಈ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಗೊಂದಲ ಬೇರೆ, ಕಾಯಿಲೆ ಬೇರೆ. ವಾರಗಟ್ಟಲೆ ನಿದ್ದೆಯಿಲ್ಲದವರು, ಊಟ ಸೇರದವರು, ಬದುಕೇ ಬೇಡವೆನ್ನಿಸಿದವರು ಹೋಗಬೇಕಾದದ್ದು ಕೋಚಿನ ಬಳಿಗಲ್ಲ, ವೈದ್ಯರ ಬಳಿಗೆ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಮಾನಸಿಕ ಕಾಯಿಲೆಯುಳ್ಳವರಲ್ಲಿ ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿ ಚಿಕಿತ್ಸೆಯಿಲ್ಲದೆ ಉಳಿದಿದ್ದುದು ಕಂಡುಬಂದಿತು. ಇಂಥವರನ್ನು ‘ಧನಾತ್ಮಕವಾಗಿ ಯೋಚಿಸಿ’ ಎಂದು ಕೂರಿಸಿಕೊಂಡು ಹಣ ಕೀಳುವ ಕೋಚು ಮೂರ್ಖ, ಇಲ್ಲವೆ ಕಳ್ಳ. 2022ರ ಅಕ್ಟೋಬರಿನಲ್ಲಿ ಸರ್ಕಾರವು ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯನ್ನು ಪ್ರಾರಂಭಿಸಿದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು, ಕಾಸಿಲ್ಲ. ಈ ಸಂಖ್ಯೆಯನ್ನು ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಹಾಲಿನ ಲೆಕ್ಕದ ಪಕ್ಕದಲ್ಲಿ.

“ದುಡ್ಡಿದ್ದವರಿಗೆ ಕೋಚು, ಇಲ್ಲದವರಿಗೆ?” ಎಂದು ಯಾರಾದರೂ ಕೇಳಿದರೆ ಆ ಆಕ್ಷೇಪಣೆಗೆ ನಾನು ತಲೆಬಾಗುತ್ತೇನೆ. ಸೋಸಲೆಯ ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸು ಬೆಂಗಳೂರಿನ ಶುಲ್ಕ ತೆರಲಾರಳು. ಆದರೆ ಈ ವಿದ್ಯೆಯ ಮುಕ್ಕಾಲು ಪಾಲಿಗೆ ಶುಲ್ಕವೇ ಬೇಕಿಲ್ಲ. ಪಾಲು ಬಿಟ್ಟು ಕೂರುವುದು. ಒಂದು ಪ್ರಶ್ನೆ ಕೇಳುವುದು. ಬಾಯಿ ಮುಚ್ಚಿ ಹತ್ತು ನಿಮಿಷ ಕಾಯುವುದು. ಕೋಚುಗಳ ಸಂತೆ ಬೆಳೆಯುತ್ತಿದೆಯೆಂದು ಹಲುಬುವ ನಾವು ಹಿರಿಯರು ಇದನ್ನು ಕಲಿತರೆ, ಆ ಸಂತೆ ಅರ್ಧಕ್ಕೆ ಇಳಿದೀತು. ಕಲಿಯುವತನಕ ನಮ್ಮ ಮಕ್ಕಳು ಹಣ ಕೊಟ್ಟು ಕಿವಿ ಕೊಳ್ಳುತ್ತಾರೆ. ಕೊಳ್ಳಲಿ. ಅವರನ್ನು ನೋಡಿ ನಗುವ ಅಧಿಕಾರ ನಮಗಿಲ್ಲ.

ಅಣ್ಣನ ಮಗಳು ಈಗ ಮೈಸೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಮನೆಯ ಸಾಲದ ಕಂತನ್ನು ಮೂರು ಪಾಲು ಮಾಡಿದ್ದಾಯಿತು: ಅವಳದೊಂದು, ಅವಳ ತಮ್ಮನದೊಂದು, ನನ್ನದೊಂದು. ತಿಂಗಳಿಗೊಮ್ಮೆ ನನ್ನ ಪಿಂಚಣಿಯಿಂದ ಹಣ ಕತ್ತರಿಸಿಕೊಂಡಾಗ, ಬೆಂಗಳೂರಿನ ಆ ಕೋಚಿಗೆ ನಾನೂ ಶುಲ್ಕ ತೆರುತ್ತಿದ್ದೇನೆಂದು ಅನ್ನಿಸುತ್ತದೆ. ಮೊದಲೆರಡು ತಿಂಗಳು ಹೊಟ್ಟೆ ಉರಿಯಿತು. ಈಗ, ಆ ಜಗಲಿಯ ಮೇಲೆ ಕೂರುವಾಗ, ಅದರಲ್ಲಿ ನನ್ನ ದುಡ್ಡೂ ಇದೆಯೆಂಬ ಸಮಾಧಾನವಿದೆ.

ಹೋದ ಭಾನುವಾರ ಅವಳು ಊರಿಗೆ ಬಂದಿದ್ದಳು. ಸಂಜೆ ಜಗಲಿಗೆ ಬಂದು ಕೂತು, “ಚಿಕ್ಕಪ್ಪ, ಒಂದು ವಿಷಯ...” ಎಂದಳು. ನಾನು ಎಲೆಯಡಿಕೆಯನ್ನು ಬಾಯಿ ತುಂಬ ಹಾಕಿಕೊಂಡು, ಹೇಳು ಎಂದು ಸನ್ನೆ ಮಾಡಿದೆ.